ಪಗಾರದ ಸಾಲುಗಳಿಗೂ ಒಂದು ಇತಿಹಾಸ



ಈ ಬಾರಿ ಹಾಡಿನ ಮಾತಿಲ್ಲ, ಹಬ್ಬದ ಮಾತೂ ಇಲ್ಲ. ಕೆಲಸಕ್ಕೆ ಸೇರುವಾಗ ನಿಮ್ಮ ಕೈಗೆ ಬರುವ ನೇಮಕಾತಿ ಪತ್ರ, ಅದರಲ್ಲೂ ಅದರ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ಪಗಾರದ ಪಟ್ಟಿ, ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಮಿಹಾನ್ ಕಡೆಯ ಕಂಪನಿಗಳಿಗೆಂದು ಹುಬ್ಬಳ್ಳಿ, ಬೀದರ, ಕಲಬುರಗಿ ಕಡೆಯಿಂದ ನಾಗಪುರಕ್ಕೆ ಬಂದ ಹುಡುಗ-ಹುಡುಗಿಯರು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದಾಗ ಹಾಡು ಕೇಳಿ ಮುಗಿಸಿ, ಕೊನೆಗೆ ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಅಕ್ಕಾರ, ಆರು ಲಕ್ಷ ಅಂದಿದ್ರು, ಕೈಗೆ ನಲವತ್ತು ಸಾವಿರ ಬರತೈತ್ರಿ. ಉಳಿದದ್ದು ಎಲ್ಲಿ ಹೋತು?"

ಎಲ್ಲೂ ಹೋಗಿಲ್ಲ, ಪತ್ರದಲ್ಲೇ ಇದೆ. ವರ್ಷಕ್ಕೆ 6 ಲಕ್ಷ ಅಂದರೆ ತಿಂಗಳಿಗೆ 50,000. ಇದು ಸಿಟಿಸಿ, ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ಹಳೆಯ ಮಾದರಿಯ ಪತ್ರವಾದರೆ ಅದರಲ್ಲಿ ಬೇಸಿಕ್ 15,000 ಎಂದಿರುತ್ತದೆ. ಆ ಬೇಸಿಕ್ ಮೇಲೆ ಕಂಪನಿ ಕಟ್ಟುವ ಪಿಎಫ್ 1,800. ಗ್ರಾಚುಯಿಟಿ ಎಂದು ಎತ್ತಿಟ್ಟದ್ದು 721. 'ವೇರಿಯಬಲ್' ಎಂದು ವರ್ಷದ ಕೊನೆಗೆ ಕೆಲಸ ನೋಡಿ ಕೊಡುವುದು ಅಥವಾ ಕೊಡದೆ ಇರುವುದು 5,000. ಇವು ಮೂರೂ ತಿಂಗಳ ಕೊನೆಗೆ ಬ್ಯಾಂಕಿಗೆ ಬರುವ ಹಣವಲ್ಲ. ಆಮೇಲೆ ನಿಮ್ಮ ಪಾಲಿನ ಪಿಎಫ್ 1,800, ಮಹಾರಾಷ್ಟ್ರ ಸರಕಾರದ ವೃತ್ತಿ ತೆರಿಗೆ 200. ಎಲ್ಲ ಕಳೆದರೆ 40,479. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಆ ಹುಡುಗ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದ್ದು ಐವತ್ತು ಸಾವಿರ.

ಈ ಲೆಕ್ಕವನ್ನು ಎಚ್‌ಆರ್ ವಿಭಾಗದವರೂ ಬಿಡಿಸಿ ಹೇಳಬಲ್ಲರು. ನನಗೆ ಕುತೂಹಲವಿರುವುದು ಬೇರೆ ಕಡೆ. ಬೇಸಿಕ್, ಭತ್ಯೆ, ಬೋನಸ್, ಪಿಎಫ್, ಗ್ರಾಚುಯಿಟಿ, ಇಷ್ಟೊಂದು ಹೆಸರುಗಳು ಏಕೆ? ದುಡಿದದ್ದಕ್ಕೆ ಕೊಡುವ ಹಣ ಒಂದೇ ತಾನೆ? ಕನ್ನಡ ಓದಿದವಳಾದ್ದರಿಂದ ಶಬ್ದಗಳ ಹಿಂದೆ ಹೋಗುವುದು ನನ್ನ ಚಟ. ನಾವು ಉತ್ತರ ಕರ್ನಾಟಕದವರು 'ಪಗಾರ ಆತೇನ್ರಿ' ಎಂದು ಕೇಳುತ್ತೇವೆ. ನಾಗಪುರದ ಮರಾಠಿ ನೆರೆಯವರೂ ಅದೇ ಶಬ್ದ ಬಳಸುತ್ತಾರೆ. ಅದು ಪೋರ್ಚುಗೀಜರು ಬಿಟ್ಟುಹೋದದ್ದು, ಅವರ ಭಾಷೆಯಲ್ಲಿ 'ಪಗಾರ್' ಎಂದರೆ ಹಣ ಸಂದಾಯ ಮಾಡು ಎಂದರ್ಥ. ಮೈಸೂರು ಕಡೆಯವರ 'ಸಂಬಳ'ಕ್ಕೆ ಸಂಸ್ಕೃತದ 'ಶಂಬಲ' ಮೂಲವೆನ್ನುತ್ತಾರೆ, ಅಂದರೆ ದಾರಿಬುತ್ತಿ. ಸರಕಾರಿ ಕಾಗದದ 'ವೇತನ' ಮೂರನೆಯದು. ಮಾತಿನಲ್ಲಿ ಮೂರೂ ಒಂದೇ. ಕಾನೂನಿನಲ್ಲಿ ಮಾತ್ರ 'ವೇತನ' ಎಂಬ ಶಬ್ದದೊಳಗೆ ಯಾವ ಹಣ ಬರುತ್ತದೆ, ಯಾವುದು ಹೊರಗೆ ನಿಲ್ಲುತ್ತದೆ ಎಂಬುದರ ಮೇಲೆಯೇ ನಿಮ್ಮ ಪಿಎಫ್, ಗ್ರಾಚುಯಿಟಿ, ಬೋನಸ್ ಎಲ್ಲ ನಿಂತಿವೆ. ಒಂದೇ ಹತ್ತು ಸಾವಿರಕ್ಕೆ ಒಂದು ಹೆಸರಿಟ್ಟರೆ ಮುಪ್ಪಿನವರೆಗೆ ಜೊತೆಗೆ ಬರುತ್ತದೆ, ಇನ್ನೊಂದು ಹೆಸರಿಟ್ಟರೆ ತಿಂಗಳ ಕೊನೆಗೆ ಕರಗಿಹೋಗುತ್ತದೆ. ಈ ಹೆಸರಿಡುವ ಜಗಳ ನೂರೈವತ್ತು ವರ್ಷಗಳ ಹತ್ತಿರ ಹಳೆಯದು. ಅದರ ಒಂದು ಮೊದಲ ಅಧ್ಯಾಯ ನಡೆದದ್ದು ನಮ್ಮ ನಾಗಪುರದಲ್ಲೇ.

ಗಾಂಧಿಸಾಗರ ಕೆರೆಯ ಹತ್ತಿರದ ಎಂಪ್ರೆಸ್ ಸಿಟಿ ಮಾಲ್‌ಗೆ ನೀವು ಹೋಗಿರುತ್ತೀರಿ. ಆ ಹೆಸರು ಎಲ್ಲಿಂದ ಬಂತೆಂದು ಸಿನಿಮಾ ನೋಡಲು ಹೋದವರು ಯಾರು ಕೇಳುತ್ತಾರೆ! ಕೆರೆಗೆ ಆಗ ಜುಮ್ಮಾ ತಲಾವ್ ಎಂದು ಹೆಸರು. ಜಮಶೆಟ್‌ಜಿ ಟಾಟಾ ಅದರ ಬದಿಯ ಜೌಗು ನೆಲವನ್ನು ಕೊಂಡು ಮಣ್ಣು ತುಂಬಿಸಿ ಹತ್ತಿ ಗಿರಣಿ ಕಟ್ಟಿಸಿದರು. ಗಿರಣಿ ಎಂದರೆ ಮುಂಬಯಿಯೇ ಎಂದಿದ್ದ ಕಾಲ ಅದು. ಹತ್ತಿ ಬೆಳೆಯುವಲ್ಲೇ ಗಿರಣಿ ಇರಲಿ ಎಂಬುದು ಅವರ ಲೆಕ್ಕ. ಊರಿನ ಒಬ್ಬ ಮಾರವಾಡಿ ಸಾಹುಕಾರರು, ಇದು ಬಂಗಾರವನ್ನು ಹಳ್ಳಕ್ಕೆ ಸುರಿಯುವ ಕೆಲಸ ಎಂದು ಹಣ ಹೂಡಲು ಒಪ್ಪಲಿಲ್ಲವಂತೆ. ಮುಂದೆ ಅವರೇ, ಈ ಮನುಷ್ಯ ಹಾಕಿದ್ದು ಮಣ್ಣು, ತೆಗೆದದ್ದು ಬಂಗಾರ ಎಂದು ಒಪ್ಪಿಕೊಂಡರೆಂದು ಕಥೆ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ ದಿನವೇ ಗಿರಣಿ ಶುರುವಾಯಿತು. ಹೆಸರೂ ಅದೇ ಆಯಿತು, ಎಂಪ್ರೆಸ್ ಮಿಲ್.

ಅದೇ 1877ರಲ್ಲಿ, ಗಿರಣಿಗೆ ಇನ್ನೂ ಒಂದು ವರ್ಷ ತುಂಬುವ ಮೊದಲೇ, ಕೂಲಿಯ ದರದ ಬಗ್ಗೆ ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ನಮ್ಮ ದೇಶದ ಕಾರ್ಮಿಕ ಚರಿತ್ರೆ ಬರೆಯುವವರು ದಾಖಲೆಯಲ್ಲಿ ಸಿಗುವ ಮೊಟ್ಟಮೊದಲ ಮುಷ್ಕರಗಳ ಸಾಲಿನಲ್ಲಿ ಹೆಸರಿಸುವುದು ಇದನ್ನೇ. ಗಮನಿಸಿ, ಆಗ ಸಂಘವಿಲ್ಲ, ಕಾರ್ಮಿಕ ಕಾನೂನೂ ಇಲ್ಲ. ಭಾರತದ ಮೊದಲ ಫ್ಯಾಕ್ಟರಿ ಕಾಯಿದೆ ಬಂದದ್ದು 1881ರಲ್ಲಿ. ಅದರಲ್ಲೂ ಪಗಾರದ ಮಾತಿರಲಿಲ್ಲ, ಮಕ್ಕಳ ದುಡಿಮೆಯದು ಮುಖ್ಯವಾಗಿತ್ತು.

'ದರ' ಎಂಬ ಶಬ್ದದಲ್ಲೇ ಆ ಕಾಲದ ಒಪ್ಪಂದವೆಲ್ಲ ಅಡಗಿದೆ. ನೇಕಾರನಿಗೆ ಕೊಡುತ್ತಿದ್ದುದು ನೇಯ್ದ ಬಟ್ಟೆಯ ತೂಕಕ್ಕೋ ಅಳತೆಗೋ ಇಷ್ಟು ಎಂದು. ದರ ಎಷ್ಟು, ಬಟ್ಟೆ ಅಳೆಯುವವರು ಯಾರು, ನೂಲು ಕೆಟ್ಟದ್ದು ಬಂದು ಮಗ್ಗ ನಿಂತರೆ ಲೆಕ್ಕ ಹೇಗೆ, ಇದಾವುದೂ ಬರಹದಲ್ಲಿ ಇರುತ್ತಿರಲಿಲ್ಲ. ಜಾಬರ್ ಎಂಬ ಮೇಸ್ತ್ರಿ ಹೇಳಿದ್ದೇ ಒಪ್ಪಂದ. ಕೆಲಸ ಕೊಡಿಸುವವನೂ ಅವನೇ, ಬಿಡಿಸುವವನೂ ಅವನೇ. ಇಂದು ಇಪ್ಪತ್ತು ಪುಟದ ಪತ್ರ ಕೊಡುತ್ತಾರೆ, ಓದುವವರಿಲ್ಲ. ಅಂದು ಕೇಳುವವರಿದ್ದರು, ಪತ್ರವೇ ಇರಲಿಲ್ಲ.

ಎಂಪ್ರೆಸ್ ಮಿಲ್‌ನ ಮ್ಯಾನೇಜರ್ ಬೇಜೋನ್‌ಜಿ ಮೆಹ್ತಾ ರೈಲ್ವೆಯಿಂದ ಬಂದವರು, ಗಿರಣಿಯ ಅನುಭವ ಇಲ್ಲದವರು. ಅವರಿಗೂ ಜಮಶೆಟ್‌ಜಿಯವರಿಗೂ ಎದುರಾದ ದೊಡ್ಡ ತಲೆನೋವು ಗೈರುಹಾಜರಿ. ಮನೆಯಲ್ಲಿ ಎರಡು ದಿನದ ಹಿಟ್ಟಿದ್ದರೆ ಜನ ಗಿರಣಿಗೆ ಬರುತ್ತಿರಲಿಲ್ಲ. ಬೇರೆ ಗಿರಣಿಗಳಲ್ಲಿ ಇದಕ್ಕೆ ಮದ್ದು ದಂಡ. ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಕಡಿತ. ಮುಂಬಯಿ ಪ್ರಾಂತದ ಗಿರಣಿಗಳಲ್ಲಿ ಅದಕ್ಕೆ 'ಡಬಲ್ ಖಾಡಾ' ಎನ್ನುತ್ತಿದ್ದರು. ನಾಗಪುರದಲ್ಲಿ ಬೇರೆ ದಾರಿ ಹಿಡಿದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ, ಮುಂದೆ ಭವಿಷ್ಯನಿಧಿ. ಸರಕಾರ ಇವುಗಳ ಬಗ್ಗೆ ಯೋಚಿಸುವುದಕ್ಕೆ ಎಷ್ಟೋ ದಶಕಗಳ ಮೊದಲಿನ ಮಾತಿದು. ಇದನ್ನು ದಾನವೆಂದು ಹೊಗಳುವವರಿದ್ದಾರೆ. ನನಗೆ ಕಾಣುವುದು ಒಳ್ಳೆಯ ಮನಸ್ಸೂ ಒಳ್ಳೆಯ ವ್ಯಾಪಾರವೂ ಕೂಡಿದ ಒಂದು ಜಾಣತನ. ನಾಳೆಯ ಹಣ ಗಿರಣಿಯಲ್ಲಿದೆ ಎಂದಾದರೆ ಇವತ್ತು ಜನ ಕೆಲಸಕ್ಕೆ ಬರುತ್ತಾರೆ. ನಿಮ್ಮ ಪತ್ರದಲ್ಲಿ 'ರಿಟೆನ್ಷನ್ ಬೋನಸ್' ಎಂದಿದ್ದರೆ ಅದರ ಅಜ್ಜ ಇಲ್ಲಿಯೇ ಹುಟ್ಟಿದವನು.

ಉಳಿಸಿಕೊಳ್ಳುವ ಇನ್ನೊಂದು ವಿಧಾನ ಅಷ್ಟು ಸೌಮ್ಯವಾಗಿರಲಿಲ್ಲ. 1859ರ 13ನೆಯ ಕಾಯಿದೆ, ಕರಾರು ಮುರಿದ ಕೆಲಸಗಾರರ ಮೇಲಿನದು. ಮುಂಗಡ ಹಣ ಪಡೆದ ಕೂಲಿಗಾರ ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನಿಗೆ ಹಣ ತೀರಿಸು ಅಥವಾ ಕೆಲಸಕ್ಕೆ ಮರಳು ಎಂದು ಆಜ್ಞೆ ಮಾಡಬಹುದಿತ್ತು. ಎರಡೂ ಮಾಡದಿದ್ದರೆ ಮೂರು ತಿಂಗಳ ಜೈಲು. ಮಾಲೀಕನೇ ಕರಾರು ಮುರಿದರೆ? ಅವನಿಗೆ ಜೈಲಿಲ್ಲ, ಕೂಲಿಗಾರ ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಬಹುದು! ನಮ್ಮ ಕೊಡಗಿನ ಕಾಫಿ ತೋಟಗಳು ನಡೆದದ್ದೇ ಈ ಮುಂಗಡದ ಮೇಲೆ. ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಈ ಕಾಯಿದೆ 1926ರಲ್ಲಿ ದೇಶದಲ್ಲೆಲ್ಲ ಕೊನೆಗೊಂಡಾಗ ಕೊಡಗಿನಲ್ಲಿ ಮಾತ್ರ ಅದೇ ಬಗೆಯ ಪ್ರತ್ಯೇಕ ಕಾಯಿದೆಯೊಂದು ಇನ್ನೂ ಕೆಲವು ವರ್ಷ ಉಳಿಯಿತು.

ಈಗ ಮುಂಗಡಕ್ಕೆ ಜೈಲಿಲ್ಲ. ಆದರೆ 'ಜಾಯಿನಿಂಗ್ ಬೋನಸ್' ಎಂಬ ಸಾಲಿನ ಕೆಳಗೆ, ಒಂದು ವರ್ಷದೊಳಗೆ ಬಿಟ್ಟರೆ ಪೂರ್ತಿ ಹಿಂದಿರುಗಿಸಬೇಕು ಎಂದು ಬರೆದಿರುತ್ತದೆ. ಅದು ಬೋನಸ್ ಎಂಬ ಹೆಸರಿನ ಮುಂಗಡ, ಖರ್ಚು ಮಾಡುವ ಮೊದಲು ನೆನಪಿರಲಿ. ಬಾಂಡ್ ವಿಷಯವೂ ಹಾಗೆಯೇ. 'ಅದೆಲ್ಲ ಕೋರ್ಟಿನಲ್ಲಿ ನಿಲ್ಲೋದಿಲ್ಲ ಬಿಡ್ರಿ' ಎಂದು ಧೈರ್ಯ ಹೇಳುವ ಗೆಳೆಯರು ಎಲ್ಲರಿಗೂ ಇರುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಬೇರೆ ಮಾತು ಹೇಳುತ್ತದೆ. ಅದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಮೊಕದ್ದಮೆ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತು ಅಧಿಕಾರಿಯೊಬ್ಬರ ನೇಮಕಾತಿ ಪತ್ರದಲ್ಲಿತ್ತು. ಅವರು ಮೊದಲೇ ಬಿಟ್ಟರು, ಹಣ ಕಟ್ಟಿದರು, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರ ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಕೆಲಸದಲ್ಲಿರುವ ಅವಧಿಗೆ ಹಾಕಿದ ಇಂಥ ಷರತ್ತು ಕಾನೂನಿಗೆ ವಿರುದ್ಧವಲ್ಲ ಎಂದಿತು. ಎಲ್ಲ ಬಾಂಡ್‌ಗಳೂ ನಿಲ್ಲುತ್ತವೆ ಎಂದು ಇದರರ್ಥವಲ್ಲ. ಸಾರ್ವಜನಿಕ ಬ್ಯಾಂಕು ಹೊಸ ನೇಮಕಕ್ಕೆ ಮಾಡಬೇಕಾದ ಖರ್ಚು, ಮೊತ್ತ ನ್ಯಾಯವೇ ಎಂಬುದು, ಇವನ್ನೆಲ್ಲ ಕೋರ್ಟು ನೋಡಿತು. ಆದರೂ ಗೆಳೆಯರ ಧೈರ್ಯದ ಮೇಲೆ ಸಹಿ ಮಾಡಬೇಡಿ.

ಮತ್ತೆ ಗಿರಣಿಗೆ ಹೋಗೋಣ. ಕಾರ್ಮಿಕರ ಸ್ಥಿತಿಗತಿ ನೋಡಲು ಬ್ರಿಟಿಷ್ ಸರಕಾರ 1929ರಲ್ಲಿ ನೇಮಿಸಿದ ವ್ಹಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಿತು. ತಿಂಗಳು ಮುಗಿದು ಹತ್ತು-ಹದಿನೈದು ದಿನಗಳ ಮೇಲೆ ಪಗಾರ, ಅಷ್ಟರಲ್ಲಿ ಸಾಹುಕಾರನ ಬಡ್ಡಿ. ತಡವಾಗಿ ಬಂದರೆ ದಂಡ, ಎದುರು ಮಾತಾಡಿದರೆ ದಂಡ. ಬಟ್ಟೆ ಕೆಟ್ಟರೆ ಅದನ್ನೇ ನೇಕಾರನ ತಲೆಗೆ ಕಟ್ಟಿ ಅದರ ಬೆಲೆ ಕೂಲಿಯಲ್ಲಿ ಕಡಿತ. ಇವು ಆ ಕಾಲದ ಗಿರಣಿಗಳ ನಿತ್ಯದ ಸಂಗತಿಗಳು. ಇದರ ಫಲವಾಗಿ 1936ರಲ್ಲಿ ವೇತನ ಪಾವತಿ ಕಾಯಿದೆ ಬಂತು. ಮೊದಲಿಗೆ ಅದು ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಪಡೆಯುವವರಿಗೆ ಮಾತ್ರ ಅನ್ವಯ. ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಏಳನೆಯ ತಾರೀಖಿನೊಳಗೆ ಪಗಾರ ಆಗಬೇಕು, ಹೆಚ್ಚಿದ್ದರೆ ಹತ್ತರೊಳಗೆ. ಇಂದು ನಿಮ್ಮ ಆಫೀಸಿನಲ್ಲಿ 'ಏಳರೊಳಗೆ ಸ್ಯಾಲರಿ' ಎನ್ನುತ್ತಾರಲ್ಲ, ಆ ಏಳು ಬಂದದ್ದು ಅಲ್ಲಿಂದ.

ದಂಡಕ್ಕೆ ಆ ಕಾಯಿದೆ ಹಾಕಿದ ಮಿತಿ ನನಗೆ ಬಹಳ ಇಷ್ಟವಾದ ವಿವರ. ರೂಪಾಯಿಗೆ ಅರ್ಧ ಆಣೆ! ರೂಪಾಯಿಗೆ ಹದಿನಾರು ಆಣೆ, ಅರ್ಧ ಆಣೆ ಎಂದರೆ ಮೂವತ್ತೆರಡನೆಯ ಒಂದು ಪಾಲು, ಶೇಕಡಾ ಮೂರಕ್ಕೆ ಚೂರು ಹೆಚ್ಚು. ಆಣೆ ಹೋಯಿತು, ಲೆಕ್ಕ ಉಳಿಯಿತು. ಈಗಿನ ವೇತನ ಸಂಹಿತೆಯಲ್ಲಿ ದಂಡದ ಮಿತಿ ಶೇಕಡಾ 3. ಹದಿನೈದು ವರ್ಷದೊಳಗಿನವರಿಗೆ ದಂಡ ಹಾಕುವಂತಿಲ್ಲ, ದಂಡವನ್ನು ಕಂತಿನಲ್ಲಿ ವಸೂಲು ಮಾಡುವಂತಿಲ್ಲ ಎಂಬುದೂ ಆಗಲೇ ಬಂದದ್ದು. ದಂಡದ ಹಣವನ್ನು ಮಾಲೀಕ ಜೇಬಿಗೆ ಹಾಕುವಂತಿಲ್ಲ, ಕೆಲಸಗಾರರ ಹಿತಕ್ಕೇ ಬಳಸಬೇಕು ಎಂದೂ 1936ರಲ್ಲೇ ಬರೆದರು. 'ತಡವಾಗಿ ಬಂದದ್ದಕ್ಕೆ ಅರ್ಧ ದಿನದ ಕಡಿತ' ಎಂದು ಮೇಲ್ ಬಂದಾಗ ಅದು ದಂಡವೋ, ಗೈರುಹಾಜರಿಯ ಕಡಿತವೋ ಎಂದು ಕೇಳುವ ಹಕ್ಕು ನಿಮಗಿದೆ. ಹೆಸರು ಬದಲಾದರೆ ನಿಯಮ ಬದಲಾಗುತ್ತದೆ.

ತುಟ್ಟಿಭತ್ಯೆ ನಮ್ಮ ಕನ್ನಡದ ಒಂದು ಚೆಂದದ ಶಬ್ದ. ಮರಾಠಿಯವರ 'ಮಹಾಗಾಯಿ ಭತ್ತಾ' ಸ್ವಲ್ಪ ಉದ್ದವಾಯಿತು. ಇದು ಯುದ್ಧದ ಕೂಸು. ಮೊದಲ ಮಹಾಯುದ್ಧದಲ್ಲಿ ಜೋಳ-ಅಕ್ಕಿಯ ಬೆಲೆ ಏರಿದಾಗ ಮುಂಬಯಿ ಗಿರಣಿಗಳು ಕೂಲಿಯನ್ನು ಏರಿಸದೆ ಮೇಲೊಂದು ಭತ್ಯೆ ಕೊಟ್ಟವು. ಕೂಲಿ ಏರಿಸಿದರೆ ಮತ್ತೆ ಇಳಿಸುವುದು ಕಷ್ಟ, ಭತ್ಯೆಯಾದರೆ ಯುದ್ಧ ಮುಗಿದ ಮೇಲೆ ತೆಗೆಯಬಹುದು ಎಂಬ ಲೆಕ್ಕ. ಎರಡನೆಯ ಯುದ್ಧ ಬಂದಾಗ ಇದೇ ಪ್ರಶ್ನೆಯನ್ನು ಜಿಐಪಿ ರೈಲ್ವೆಯ ನೌಕರರು ಎತ್ತಿದರು. ಮುಂಬಯಿಯಿಂದ ನಾಗಪುರದವರೆಗೆ ಬರುತ್ತಿದ್ದುದು ಅದೇ ರೈಲ್ವೆ. 1940ರಲ್ಲಿ ಇದರ ವಿಚಾರಣೆಗೆ ನೇಮಕವಾದ ನ್ಯಾಯಮಂಡಳಿಯ ಅಧ್ಯಕ್ಷರು ಯಾರು ಗೊತ್ತೆ? ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾಗಿ ಹೆಸರಾದ ಬಿ.ಎನ್. ರಾವ್ ಅವರೇ. ಕಡಿಮೆ ಪಗಾರದ ರೈಲ್ವೆ ನೌಕರರಿಗೆ ತುಟ್ಟಿಭತ್ಯೆ ಕೊಡಬೇಕೆಂದು ಅವರ ಮಂಡಳಿ ಹೇಳಿತು. ಯುದ್ಧ ಮುಗಿಯಿತು, ಬೆಲೆ ಇಳಿಯಲಿಲ್ಲ, ಭತ್ಯೆ ಹಾಗೆಯೇ ಉಳಿಯಿತು. ಅಜನಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿರುವ ನಮ್ಮ ಕೇಳುಗರಿಗೆ ವರ್ಷಕ್ಕೆರಡು ಬಾರಿ ಇದು ಪರಿಷ್ಕಾರವಾಗುತ್ತದೆ. ಖಾಸಗಿ ಕಂಪನಿಗಳ ಪತ್ರದಲ್ಲಿ ಬಹುತೇಕ ಕಣ್ಮರೆಯಾಗಿದೆ, ಅದರ ಜಾಗದಲ್ಲಿ 'ಸ್ಪೆಷಲ್ ಅಲೋವೆನ್ಸ್' ಕುಳಿತಿದೆ. ಬೆಲೆ ಏರಿದರೆ ತುಟ್ಟಿಭತ್ಯೆ ಏರಲೇಬೇಕು. ಸ್ಪೆಷಲ್ ಅಲೋವೆನ್ಸ್‌ಗೆ ಅಂಥ ಯಾವ ಹಂಗೂ ಇಲ್ಲ.

ದೀಕ್ಷಾಭೂಮಿಯ ಊರಿನಲ್ಲಿದ್ದು ಇನ್ನೊಂದು ಹೆಸರನ್ನು ಬಿಡುವಂತಿಲ್ಲ. 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಡಾ. ಬಿ.ಆರ್. ಅಂಬೇಡ್ಕರ್. ಕನಿಷ್ಠ ವೇತನದ ಮಸೂದೆ ಸಭೆಯ ಮುಂದೆ ಬಂದದ್ದು ಅವರ ಕಾಲದಲ್ಲಿ, 1946ರಲ್ಲಿ. ಕಾಯಿದೆಯಾದದ್ದು 1948ರಲ್ಲಿ, ಜಗಜೀವನರಾಮ್ ಕಾರ್ಮಿಕ ಮಂತ್ರಿಯಾಗಿದ್ದಾಗ. ಇಷ್ಟಕ್ಕಿಂತ ಕಡಿಮೆಗೆ ಇಬ್ಬರೂ ಒಪ್ಪಿ ಸಹಿ ಮಾಡಿದರೂ ಆ ಸಹಿ ನಡೆಯುವುದಿಲ್ಲ ಎಂಬ ಮಾತು ನಮ್ಮ ಕಾನೂನಿಗೆ ಸೇರಿದ್ದು ಹೀಗೆ.

ಇನ್ನು ಬೋನಸ್. ದೀಪಾವಳಿ ಹತ್ತಿರ ಬಂದಾಗ ಹೊಟ್ಟೆಯಲ್ಲಿ ಸಣ್ಣಗೆ ಕಚಗುಳಿ ಇಡುವ ಶಬ್ದ! 1917ರಲ್ಲಿ ಯುದ್ಧದ ಲಾಭದಲ್ಲಿ ಮುಂಬಯಿ ಗಿರಣಿ ಮಾಲೀಕರು ಕೂಲಿಯ ಶೇಕಡಾ 10ರಷ್ಟು ಯುದ್ಧದ ಬೋನಸ್ ಕೊಟ್ಟರು, ಮರುವರ್ಷ ಶೇಕಡಾ 15. ಕೆಲವು ವರ್ಷ ಹೀಗೆ ನಡೆಯಿತು. 1923ಕ್ಕೆ ಬಂದಾಗ ಲಾಭವಿಲ್ಲ, ಬೋನಸ್ ಇಲ್ಲ ಎಂದರು. 1924ರ ಆರಂಭದಲ್ಲಿ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಜನ ಹೊರಗೆ ಬಂದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಮೆಕ್ಲೌಡ್ ಅವರ ಸಮಿತಿ ವಿಚಾರಿಸಿ, ಇದನ್ನು ಕಾನೂನಿನಿಂದಾಗಲಿ ರೂಢಿಯಿಂದಾಗಲಿ ಹಕ್ಕೆಂದು ಕೇಳುವಂತಿಲ್ಲ ಎಂದಿತು. ಕೊಟ್ಟವರು ಬಹುಮಾನವೆಂದು ತಿಳಿದಿದ್ದರು, ಪಡೆದವರು ತಮ್ಮ ಪಾಲೆಂದು ತಿಳಿದಿದ್ದರು, ಬರೆದಿಟ್ಟವರು ಯಾರೂ ಇರಲಿಲ್ಲ. ಜನ ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು.

ಆ ಒಂದು ಶಬ್ದದ ಅರ್ಥ ತಿರುಗಲು ಕಾಲು ಶತಮಾನ ಹಿಡಿಯಿತು. ಲಾಭದಲ್ಲಿ ಬಂಡವಾಳದ ಬಡ್ಡಿ, ಯಂತ್ರದ ಸವಕಳಿ, ತೆರಿಗೆ ಕಳೆದು ಮಿಕ್ಕದ್ದರಲ್ಲಿ ದುಡಿದವರಿಗೂ ಪಾಲಿದೆ ಎಂಬ ಸೂತ್ರವನ್ನು 1950ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಹಾಕಿಕೊಟ್ಟಿತು. 1965ರ ಬೋನಸ್ ಕಾಯಿದೆ ಕನಿಷ್ಠ ಶೇಕಡಾ 4 ಎಂದಿತು. 1970ರ ದಶಕದ ಆರಂಭದಲ್ಲಿ ಅದು 8.33ಕ್ಕೆ ಏರಿತು, ಅಂದರೆ ಹನ್ನೆರಡರಲ್ಲಿ ಒಂದು, ಒಂದು ತಿಂಗಳ ಪಗಾರ. ಗರಿಷ್ಠ ಶೇಕಡಾ 20. ಒಂದು ಮಿತಿಯೊಳಗಿನ ಪಗಾರದವರಿಗಷ್ಟೇ ಈ ಕಾನೂನಿನ ಬೋನಸ್. ಆರು ಲಕ್ಷದ ಪತ್ರದ 'ಪರ್ಫಾರ್ಮೆನ್ಸ್ ಬೋನಸ್'ಗೂ ಇದಕ್ಕೂ ಹೆಸರಷ್ಟೇ ಸಮಾನ. ಅಲ್ಲಿ 'ಕಂಪನಿಯ ವಿವೇಚನೆಗೆ ಬಿಟ್ಟದ್ದು' ಎಂಬ ಮಾತು ಕಂಡರೆ ನೀವು 1924ರಲ್ಲಿ ನಿಂತಿದ್ದೀರಿ ಎಂದು ತಿಳಿಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. 1952ರಲ್ಲಿ ಭವಿಷ್ಯನಿಧಿ ಕಾಯಿದೆ ಬಂದಾಗ ಮೊದಲು ಸೇರಿದ್ದು ಆರು ಉದ್ಯಮಗಳು: ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ ಮತ್ತು ಜವಳಿ. ಎಂಪ್ರೆಸ್ ಮಿಲ್ ತಾನೇ ಮಾಡಿಕೊಂಡಿದ್ದ ವ್ಯವಸ್ಥೆ ಹೀಗೆ ದೇಶದ ಕಾನೂನಾಯಿತು. ಆಗಿನ ದರ ಶೇಕಡಾ 6¼. ಈ ವಿಚಿತ್ರ ಕಾಲು ಎಲ್ಲಿಂದ ಬಂತು? ಮತ್ತೆ ಆಣೆ ಲೆಕ್ಕ ಹಾಕಿ, ರೂಪಾಯಿಗೆ ಒಂದಾಣೆ! ಕೆಲಸಗಾರ ಒಂದಾಣೆ, ಮಾಲೀಕ ಒಂದಾಣೆ. ಅದು ಏರುತ್ತ ಬಂದು 1997ರಿಂದ ಬಹುತೇಕ ಕಡೆ ಶೇಕಡಾ 12. 1972ರಲ್ಲಿ ಗ್ರಾಚುಯಿಟಿ ಕಾಯಿದೆಯೂ ಬಂತು, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ.

ಎಲ್ಲ ಸರಿ, ಆದರೆ ಶೇಕಡಾ 12 ಯಾವುದರ ಮೇಲೆ? ಬೇಸಿಕ್ ಮತ್ತು ತುಟ್ಟಿಭತ್ಯೆಯ ಮೇಲೆ. ಮನೆ ಬಾಡಿಗೆ ಭತ್ಯೆ, ಓವರ್‌ಟೈಮ್, ಬೋನಸ್, ಕಮಿಷನ್ ಹೊರಗೆ. ಈ ಗೆರೆ ಎಳೆದ ದಿನದಿಂದಲೇ ಪಗಾರದ ಹಣ ಗೆರೆಯ ಆಚೆಗೆ ಸರಿಯತೊಡಗಿತು. ಬೇಸಿಕ್ ಸಣ್ಣದಾಗುತ್ತ ಬಂತು, ಭತ್ಯೆಗಳ ಸಂಸಾರ ಬೆಳೆಯಿತು: ಪ್ರಯಾಣ ಭತ್ಯೆ, ತೊಳೆಯುವ ಭತ್ಯೆ, ಊಟದ ಭತ್ಯೆ, ಏನೂ ಹೆಸರು ಸಿಗದಿದ್ದರೆ 'ವಿಶೇಷ' ಭತ್ಯೆ. ಎಲ್ಲರಿಗೂ ಪ್ರತಿ ತಿಂಗಳೂ ಕೊಡುವುದರಲ್ಲಿ ವಿಶೇಷವೇನು ಎಂದು ಕೇಳಬೇಕಲ್ಲ? ಸುಪ್ರೀಂ ಕೋರ್ಟು ಕೇಳಿತು. 1962ರಲ್ಲಿ ಬ್ರಿಜ್ ಅಂಡ್ ರೂಫ್ ಕಂಪನಿಯ ಮೊಕದ್ದಮೆಯಲ್ಲಿ ಮೊದಲ ಅಳತೆಗೋಲು ಹಾಕಿತು. ಎಲ್ಲರಿಗೂ, ಸಾಮಾನ್ಯವಾಗಿ, ತಪ್ಪದೆ ಕೊಡುವುದು ಬೇಸಿಕ್. ಕೆಲವರಿಗಷ್ಟೇ, ವಿಶೇಷ ಕಾರಣಕ್ಕೆ ಕೊಡುವುದು ಹೊರಗೆ. 2019ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರದ ಮೊಕದ್ದಮೆಯಲ್ಲಿ ಅದೇ ಅಳತೆಗೋಲಿನಿಂದ ಅಳೆದು, ಎಲ್ಲರಿಗೂ ಕೊಡುತ್ತಿದ್ದ ವಿಶೇಷ ಭತ್ಯೆಯನ್ನು ಪಿಎಫ್ ಲೆಕ್ಕಕ್ಕೆ ಸೇರಿಸಿತು.

ಅದೇ ವರ್ಷ ಸಂಸತ್ತು ವೇತನ ಸಂಹಿತೆಯನ್ನು ಒಪ್ಪಿತು. 1936ರದು, 1948ರದು, 1965ರದು ಸೇರಿ ನಾಲ್ಕು ಹಳೆಯ ಕಾಯಿದೆಗಳು ಅದರೊಳಗೆ ಕರಗಿದವು. 2025ರ ನವೆಂಬರ್ 21ರಂದು ಅದು ಉಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆ ಜಾರಿಗೆ ಬಂತು. ಅದರ ಒಂದು ಸಾಲು ಹಳೆಯ ಆಟಕ್ಕೆ ನೇರ ಉತ್ತರ. ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟೂ ವೇತನವೇ.

ಒಂದು ಲೆಕ್ಕ ನೋಡಿ. ತಿಂಗಳ ಸಂಭಾವನೆ 40,000, ಅದರಲ್ಲಿ ಬೇಸಿಕ್ 12,000, ಭತ್ಯೆಗಳು 28,000. ಅರ್ಧ ಎಂದರೆ 20,000. ಮೀರಿದ 8,000 ಬೇಸಿಕ್ ಜೊತೆ ಸೇರಿ ವೇತನ 20,000 ಆಗುತ್ತದೆ. ಗ್ರಾಚುಯಿಟಿಗೆ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಬೇಕು. ಐದು ವರ್ಷದ ಸೇವೆಗೆ 12,000ದ ಮೇಲೆ ಸಿಗುವುದು 34,615. 20,000ದ ಮೇಲೆ 57,692. ಕೆಲಸ ಅದೇ, ಸಂಭಾವನೆ ಅದೇ, ಒಂದು ಹೆಸರಿನ ಬೆಲೆ 23,077 ರೂಪಾಯಿ. ಪಿಎಫ್ ಮಾತ್ರ ಎಲ್ಲರಿಗೂ ಹೀಗೆ ಏರುವುದಿಲ್ಲ. 2014ರಲ್ಲಿ ಕಡ್ಡಾಯದ ವೇತನ ಮಿತಿಯನ್ನು 15,000ಕ್ಕೆ ನಿಗದಿ ಮಾಡಿದರು, ಅಂಥ ಮಿತಿಯ ಮೇಲಿನದಕ್ಕೆ ಕಟ್ಟುವುದು ಬಿಡುವುದು ಒಪ್ಪಂದದ ಮಾತು. ನಿಮ್ಮ ಪತ್ರದಲ್ಲಿ ಪಿಎಫ್ ಪೂರ್ತಿ ವೇತನದ ಮೇಲೋ, ಮಿತಿಯಷ್ಟಕ್ಕೋ ಎಂದು ಸಹಿಗೆ ಮೊದಲೇ ಕೇಳಿ. ಕೇಳಿದರೆ ಕೆಲಸ ಹೋಗುವುದಿಲ್ಲ.

ನಿಗದಿತ ಅವಧಿಯ ಕರಾರಿನ ಮೇಲೆ ಇರುವವರೂ ನಮ್ಮ ಕೇಳುಗರಲ್ಲಿ ಬಹಳ. ಅವರು ಐದು ವರ್ಷ ಕಾಯಬೇಕಾಗಿಲ್ಲ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಗ್ರಾಚುಯಿಟಿಯ ಹಕ್ಕು ಬರುತ್ತದೆ. ನೇಮಕಾತಿ ಪತ್ರವನ್ನು ಬರಹದಲ್ಲಿ ಕೊಡುವುದೂ ಈಗ ಕಡ್ಡಾಯ; ಜಾಬರ್ ಹೇಳಿದ್ದೇ ಒಪ್ಪಂದ ಎಂಬ ಕಾಲದಿಂದ ಇಲ್ಲಿಗೆ ಬರಲು ಸುಮಾರು ನೂರೈವತ್ತು ವರ್ಷ. ಅಂದಹಾಗೆ, ನನ್ನಂತೆ ಮೈಕಿನ ಮುಂದೆ ಕೂತು ಒಂದೊಂದು ಸರದಿಯ ಲೆಕ್ಕದಲ್ಲಿ ದುಡಿಯುವವರ ಕಾಗದದಲ್ಲಿ ಪಗಾರ, ಸಂಬಳ, ವೇತನ ಮೂರೂ ಇರುವುದಿಲ್ಲ. 'ಫೀ' ಎಂದಿರುತ್ತದೆ. ಆ ಎರಡಕ್ಷರವೂ ಇರದ ಶಬ್ದಕ್ಕೆ ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ. ಸ್ವಿಗ್ಗಿ, ಜೊಮ್ಯಾಟೊ ಚೀಲ ಹೊತ್ತು ಧರಮಪೇಠದಲ್ಲಿ ಓಡಾಡುವ ಹುಡುಗರದೂ ಅದೇ ಕಥೆ, ಅವರದು 'ಪೇಔಟ್'. ಅವರು 'ಪಾರ್ಟ್‌ನರ್' ಅಂತೆ. ಹೊಸ ಸಂಹಿತೆ ಅವರನ್ನು ಗುರುತಿಸಿ ಸಾಮಾಜಿಕ ಭದ್ರತೆಯ ನಿಧಿಯ ಮಾತಾಡಿದೆ, ವೇತನದ ಬಾಗಿಲು ಇನ್ನೂ ತೆರೆದಿಲ್ಲ.

ಎಂಪ್ರೆಸ್ ಮಿಲ್ 1986ರಲ್ಲಿ ಕಾನೂನಿನ ಮೂಲಕ ಸರಕಾರದ ಕೈಗೆ ಬಂತು, ಆಮೇಲೆ ಮುಚ್ಚಿತು. ಕೆಲಸ ಮುಗಿಯುವ ದಿನದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೆಲಸದಿಂದ ತೆಗೆದರೆ ಎರಡನೆಯ ಕೆಲಸದ ದಿನದೊಳಗೆ ವೇತನ ಚುಕ್ತಾ ಮಾಡಬೇಕೆಂಬ ನಿಯಮ 1936ರದು. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಕಂಪನಿಗಳು 30 ದಿನ, 45 ದಿನ ಎಂದು ತಮ್ಮ ತಮ್ಮ ರೂಢಿ ಮಾಡಿಕೊಂಡಿದ್ದವು. ಹೊಸ ಸಂಹಿತೆ ರಾಜೀನಾಮೆಯನ್ನೂ ಆ ಸಾಲಿಗೆ ಸೇರಿಸಿದೆ, ಎರಡು ಕೆಲಸದ ದಿನ. ಗ್ರಾಚುಯಿಟಿಗೆ ಬೇರೆ ಗಡುವು, 30 ದಿನ. ನಿಮ್ಮ ಪತ್ರದಲ್ಲಿ 'ಫುಲ್ ಅಂಡ್ ಫೈನಲ್' ಎದುರು ಇನ್ನೂ 45 ದಿನ ಎಂದೇ ಇದ್ದರೆ, ಅದು ಹಳೆಯ ಪತ್ರದಿಂದ ನಕಲು ಮಾಡಿದ್ದು. ಎಚ್‌ಆರ್ ಅವರಿಗೆ ತೋರಿಸಿ.